ಕುಟ್ಟಾಣಿಯಲ್ಲಿ ಉಳಿದ ಶುಂಠಿ

“ಆಹಾ! ಶುಂಠಿ ಘಾಟು ನೆತ್ತಿಗೇರಿತು ನೋಡು. ಮೂಗು ಬಿಟ್ಟಿತು ಕಣೇ, ಇವತ್ತೇ ಕೆಲಸಕ್ಕೆ ಹೋಗ್ತೀನಿ,” ಎನ್ನುತ್ತ ಗಂಡ ಲೋಟ ಕೆಳಗಿಟ್ಟ. ಚಹಾ ಕಂಪನಿಯಲ್ಲಿ ರುಚಿ ನೋಡಿ ಪುಡಿಗೆ ಬೆಲೆ ಕಟ್ಟುವುದೇ ಅವನ ಕೆಲಸ. ನೆಗಡಿಯೆಂದು ಹತ್ತು ದಿನದಿಂದ ಮಫ್ಲರ್ ಸುತ್ತಿಕೊಂಡು ಮನೆಯಲ್ಲೇ ಕೂತಿದ್ದ.

ಹೆಂಡತಿಗೆ ಹೋದ ಜೀವ ಬಂದಂತಾಯಿತು. ನಗುತ್ತಲೇ ಒಲೆಯ ಕಡೆ ತಿರುಗಿದವಳು ಅಲ್ಲೇ ಕಲ್ಲಾಗಿ ನಿಂತಳು. ಜಜ್ಜಿದ ಶುಂಠಿಯೆಲ್ಲ ಕುಟ್ಟಾಣಿಯಲ್ಲೇ ಇತ್ತು! ಹಾಲು ಉಕ್ಕಿದ ಗಡಿಬಿಡಿಯಲ್ಲಿ ಅದನ್ನು ಚಹಾಕ್ಕೆ ಹಾಕುವುದನ್ನೇ ಮರೆತಿದ್ದಳು.

ಕುಟ್ಟಾಣಿ ತಂದು ಅವನ ಮುಂದಿಟ್ಟಳು. ಅವನ ಮುಖ ಬಿಳಿಚಿಕೊಂಡಿತು.

“ರೀ, ನೆಗಡಿ ಇನ್ನೂ ಹೋಗಿಲ್ಲ ಅಲ್ವಾ?”

ಅವನು ಶುಂಠಿಯ ಚೂರೊಂದನ್ನು ಬಾಯಿಗೆ ಹಾಕಿಕೊಂಡು, ಮುಖ ಕಿವುಚದೆ ಅಗಿದ. ಆಮೇಲೆ ಮೆಲ್ಲಗೆ ಮಫ್ಲರ್ ಬಿಚ್ಚಿದ.

“ನೆಗಡಿ ಬಂದೇ ಇರ್ಲಿಲ್ಲ ಕಣೇ. ವಾಸನೆ, ರುಚಿ ಎರಡೂ ಹೋಗಿ ಮೂರು ತಿಂಗಳಾಯ್ತು.”