ಮುಟ್ಟದ ಚೆಂಡು

ವಿದೇಶದ ನೆಲದಲ್ಲಿ ಪದಕ ಗೆದ್ದು ಬಂದಿದ್ದ ಹಳೆಯ ರಾಷ್ಟ್ರೀಯ ವಾಲಿಬಾಲ್ ತಂಡಕ್ಕೆ ಅಂದು ಸನ್ಮಾನ. ವೇದಿಕೆಯ ಹಿಂದಿನ ಪರದೆಯಲ್ಲಿ ಪದಕ ತಂದ ಪಂದ್ಯದ ಕೊನೆಯ ಗಳಿಗೆ ಮತ್ತೆ ಮತ್ತೆ ಮೂಡುತ್ತಿತ್ತು: ಎದುರಾಳಿ ಬಲವಾಗಿ ಹೊಡೆದ ಚೆಂಡಿಗೆ ಕೈಯೊಡ್ಡಿದ ನಾಯಕ, ತಟ್ಟನೆ ಕೈಗಳನ್ನು ಹಿಂದಕ್ಕೆಳೆದುಕೊಳ್ಳುತ್ತಾನೆ, ಚೆಂಡು ಗೆರೆಯಾಚೆ ಬೀಳುತ್ತದೆ, ಗೆಲುವು ನಮ್ಮದಾಗುತ್ತದೆ.

“ಎಂಥಾ ಕಣ್ಣು ನೋಡಿ ನಮ್ಮ ಕ್ಯಾಪ್ಟನ್ನರದು!” ಎಂದು ಮೈಕಿನಲ್ಲಿ ಕೂಗಿದ ಸಂಘಟಕ, ಮಂತ್ರಿಗಳು ಬಂದದ್ದನ್ನು ಕಂಡು ವೇದಿಕೆಯ ಸಾಲಿನ ಕೊನೆಯ ಕುರ್ಚಿಯಲ್ಲಿದ್ದ ಮುದುಕನತ್ತ ಧಾವಿಸಿದ.

“ಯಜಮಾನ್ರೇ, ಸ್ವಲ್ಪ ಕೆಳಗೆ ಹೋಗಿ ಕೂತ್ಕೊಳ್ಳಿ. ಕುರ್ಚಿ ಸಾಲ್ತಿಲ್ಲ.”

“ನಾನೂ ತಂಡದವನೇ.”

“ಗೊತ್ತು ಸಾರ್. ಆದ್ರೆ ನೀವು ಪೂರ್ತಿ ಬೆಂಚಲ್ಲೇ ಇದ್ರಲ್ಲ. ಒಂದು ಚೆಂಡಾದ್ರೂ ಮುಟ್ಟಿದ್ರಾ?”

“ಇಲ್ಲ.”

“ಮತ್ತೆ?”

“ಮತ್ತೇನಿಲ್ಲ. ಏಳೋದಿಲ್ಲ.”

“ಕೂತೇ ಅಭ್ಯಾಸ ಬಿಡ್ರಿ ಅಜ್ಜನಿಗೆ!” ಎಂದು ಸಭೆಯಲ್ಲಿ ಯಾರೋ ನಕ್ಕರು. ಮುದುಕ ಕುರ್ಚಿಯ ತೋಳುಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದು, ತಲೆ ತಗ್ಗಿಸದೆ ಕುಳಿತ.

ಅಷ್ಟರಲ್ಲಿ ನಾಯಕನೇ ಎದ್ದು ಬಂದ. ಅವನಾದರೂ ಬುದ್ಧಿ ಹೇಳಿ ಎಬ್ಬಿಸುತ್ತಾನೆಂದು ಸಂಘಟಕನ ಮುಖ ಅರಳಿತು.

“ಮಂತ್ರಿಗಳಿಗೆ ನನ್ನ ಕುರ್ಚಿ ಕೊಡಿ,” ಎಂದ ನಾಯಕ. “ಆವತ್ತು ಕಣ್ಣಿಗೆ ಬೆವರಿಳಿದು ನನಗೆ ಗೆರೆಯೇ ಕಾಣ್ತಿರಲಿಲ್ಲ, ‘ಬಿಡೋ, ಔಟು!’ ಅಂತ ಬೆಂಚಿಂದ ಕನ್ನಡದಲ್ಲಿ ಕೂಗಿದ್ದು ಇವನು.”