ಬೆಂಕಿ ಕಾಣದ ಗಾಜು

ಉರಿ ತಾಗಿದ್ದೇ ತಡ, ಗಾಜಿನ ಎಳೆ ಕರಗುವ ಬದಲು ಚಟಪಟನೆ ಗುಳ್ಳೆಯೆದ್ದು ಕಪ್ಪಾಯಿತು. ಸುಟ್ಟ ಕೂದಲಿನ ವಾಸನೆ ಕೋಣೆ ತುಂಬಿತು.

ತಂಗಿ ಬರ್ನರ್ ಆರಿಸಿದಳು. ಪ್ರಯೋಗಶಾಲೆಗಳಿಗೆ ಗಾಜು ಊದಿ ಕೊಳವೆ, ಫ್ಲಾಸ್ಕು ಮಾಡಿ ಪಳಗಿದ ಕೈ ಅದು; ಯಾವ ಗಾಜೂ ಅವಳೆದುರು ಹೀಗೆ ನಾರಿರಲಿಲ್ಲ. ಮೇಜಿನ ಮೇಲಿದ್ದದ್ದು ಆಳ ಸಮುದ್ರದ ಸ್ಪಂಜೊಂದರ ಅಸ್ಥಿಪಂಜರ: ಗಾಜಿನೆಳೆಗಳಿಂದಲೇ ಹೆಣೆದ ನೀಳ ಬುಟ್ಟಿ. ತರುವಾಗ ಅಂಚಿನ ಒಂದೆಳೆ ಮುರಿದಿತ್ತು. ಹೊರಗಿನ ಪರಿಣತರಿಗೆ ಕಳಿಸೋಣ ಎಂದ ಮ್ಯೂಸಿಯಂ ಮುಖ್ಯಸ್ಥರನ್ನು, "ನನ್ನ ತಂಗಿ ಇದಾಳೆ ಸರ್" ಎಂದು ತಡೆದವಳು ಅಲ್ಲೇ ಕಡಲಜೀವಿಗಳ ವಿಭಾಗ ನೋಡಿಕೊಳ್ಳುವ ಅಕ್ಕ. ಇದು ಕೆಟ್ಟರೆ ಮ್ಯೂಸಿಯಂ ಬಾಗಿಲು ತಂಗಿಗೆ ಮತ್ತೆ ತೆರೆಯುವುದಿಲ್ಲ.

"ಏನೇ ಮಾಡ್ದೆ?" ಅಕ್ಕ ಓಡಿಬಂದಳು.

"ಗಾಜಿಗೆ ಏನು ಮಾಡ್ಬೇಕೋ ಅದನ್ನೇ. ಬೆಂಕಿ ತೋರಿಸ್ದೆ."

"ನನ್ನ ಒಂದು ಮಾತು ಕೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಇದು ಬೆಂಕಿನೇ ಕಂಡಿಲ್ಲ ಕಣೇ, ತಣ್ಣೀರಲ್ಲಿ ಬೆಳೆದದ್ದು. ಸ್ಪಂಜು ಮೊದಲು ಪ್ರೋಟೀನಿನ ಸಣ್ಣ ನೂಲು ಎಳೆಯುತ್ತೆ. ಆಮೇಲೆ ಸಮುದ್ರದ ನೀರಲ್ಲಿ ಕರಗಿರೋ ಸಿಲಿಕಾ ಹೀರಿ, ನೂಲಿನ ಸುತ್ತ ಪದರ ಪದರವಾಗಿ ಗಾಜು ಕೂರಿಸುತ್ತೆ. ಪದರಗಳ ನಡುವೆ ಅಂಟು. ನೀನು ಸುಟ್ಟಿದ್ದು ಆ ನೂಲನ್ನ, ಆ ಅಂಟನ್ನ."

"ಪ್ರೋಟೀನು ಅಂದ್ರೆ... ಕೂದಲು ಥರದ್ದಾ?"

"ಹೆಚ್ಚುಕಮ್ಮಿ. ಈಗ ಅದನ್ನ ಕಟ್ಕೊಂಡು ಏನು ಮಾಡ್ತೀಯ? ನಾಳೆ ಮುಖ್ಯಸ್ಥರು ನೋಡೋಕೆ ಬರ್ತಾರೆ."

"ಬರ್ಲಿ."

ಕಪ್ಪಾದ ತುದಿಯನ್ನು ಅವಳು ಸಣ್ಣ ಅರದಿಂದ ಗೀರಿ ಮುರಿದಳು. ತಲೆ ಸವರಿಕೊಂಡಳು, ಉರಿಯ ಮುಂದೆ ಕೆಲಸವೆಂದು ಮೋಟಾಗಿ ಕತ್ತರಿಸಿದ ಕೂದಲು ಬೆರಳಿಗೂ ಸಿಗಲಿಲ್ಲ. ಸಟ್ಟನೆ ಅಕ್ಕನ ಕಿವಿಯ ಹಿಂದೆ ಕೈಹಾಕಿ ಒಂದು ಕೂದಲು ಕಿತ್ತಳು.

"ಅಯ್ಯಮ್ಮಾ! ಏನೇ ಇದು?"

"ಬಿಳೀದು ಬೇಕಿತ್ತು. ಹುಡುಕೋ ಕಷ್ಟ ಆಗ್ಲಿಲ್ಲ ಬಿಡು."

"ಹಲ್ಲುದುರಿಸ್ತೀನಿ ನೋಡು!"

ಮುರಿದ ಎರಡು ತುದಿಗಳ ನಡುವೆ ಆ ಕೂದಲನ್ನು ಬಿಗಿದು, ಒಣಗಿದರೆ ಗಾಜಿನಂತಾಗುವ ಸಿಲಿಕೇಟ್ ದ್ರಾವಣವನ್ನು ಕುಂಚದ ಮೊನೆಯಿಂದ ತೆಳ್ಳಗೆ ಸವರಿದಳು. ಒಣಗಿದ ಮೇಲೆ ಅಂಟು, ಮತ್ತೆ ಇನ್ನೊಂದು ಪದರ. ಕಿಟಕಿ ಮುಚ್ಚಿಸಿದಳು, ಫ್ಯಾನು ನಿಲ್ಲಿಸಿದಳು, ಅಕ್ಕನ ಬಾಯನ್ನೂ ಮುಚ್ಚಿಸಿದಳು.

ಮರುದಿನ ಮುಖ್ಯಸ್ಥರು ಭೂತಗನ್ನಡಿ ಹಿಡಿದು ಬುಟ್ಟಿಯ ಸುತ್ತ ಬಂದರು. ನಿಂತರು. ಇನ್ನೊಂದು ಸುತ್ತು ಬಂದರು. ಅಕ್ಕ ಸೆರಗಿನ ತುದಿಯನ್ನು ಹಿಂಡುತ್ತಿದ್ದಳು. ತಂಗಿ ಕೈಕಟ್ಟಿ ಗೋಡೆಗೊರಗಿದ್ದಳು.

"ಇಂಥವು ಇನ್ನೂ ಬರೋದಿವೆ, ಅವನ್ನೂ ನೀವೇ ನೋಡ್ಕೊಳ್ಳಿ," ಎಂದು ಅವರು ಭೂತಗನ್ನಡಿ ಇಳಿಸಿದರು. "ನಾನಂತೂ ಸೋತೆ. ಇಷ್ಟು ಎಳೆಗಳಲ್ಲಿ ನಿಮ್ಮದು ಯಾವುದಮ್ಮ?"

"ನಂದು ಯಾವುದೂ ಇಲ್ಲ ಸರ್," ಎಂದಳು ತಂಗಿ. "ಒಂದು ಅಕ್ಕಂದು. ಮಿಕ್ಕಿದ್ದೆಲ್ಲ ಸ್ಪಂಜಿಂದು."