ಸೋದರಮಾವನ ಕೋಳಿ

ಬುಟ್ಟಿಯ ಮುಚ್ಚಳ ತೆಗೆದು ದಂಡಪಾಣಿ ಕೋಳಿಯನ್ನು ನಡುಮನೆಯಲ್ಲಿ ಬಿಟ್ಟ. ಅದು ಎರಡು ಹೆಜ್ಜೆ ಹಾಕಿ, ಮಗ್ಗದ ಕಡೆಗೊಮ್ಮೆ ಕೂಡಿದ್ದ ನೆಂಟರ ಕಡೆಗೊಮ್ಮೆ ಕತ್ತು ತಿರುಗಿಸಿ ನೋಡಿ, ಯಾರ ಮನೆಯಾದರೇನು ಎಂಬಂತೆ ಸುಮ್ಮನೆ ನಿಂತಿತು.

ತಂಗಿ ಸುಶೀಲಳ ಮಗಳು ದೊಡ್ಡವಳಾಗಿ ಅಂದಿಗೆ ಒಂಬತ್ತು ದಿನ. ಸೋದರಮಾವನಾದವನು ಸೀರೆ, ಬಳೆ, ಹಣ್ಣಿನ ಜೊತೆಗೆ ಮೊಟ್ಟೆಯಿಡುವ ನಾಟಿಕೋಳಿಯೊಂದನ್ನೂ ತರಬೇಕು. ಅದರ ಹಸಿ ಮೊಟ್ಟೆಯನ್ನು ಎಳ್ಳೆಣ್ಣೆಯ ಜೊತೆ ಹುಡುಗಿಗೆ ಕುಡಿಸಬೇಕು. ಸೀರೆಯಲ್ಲಿ ಹೆಚ್ಚುಕಮ್ಮಿಯಾದರೆ ನಡೆದೀತು, ಕೋಳಿ ಮಾತ್ರ ಬೆರಕೆಯಾಗಕೂಡದು. ಅದರಲ್ಲೂ ಈ ಮಡತ್ತುಕುಳಂ ಮನೆಗೆ ಪೊನ್ನಮ್ಮ ಬಂದಿದ್ದಳು. ಹುಡುಗಿಯ ಅತ್ತೆ, ಅಂದರೆ ಸುಶೀಲಳ ನಾದಿನಿ. ಹದಿನಾಲ್ಕು ವರ್ಷದ ಹಿಂದೆ ಸುಶೀಲಳ ಮದುವೆಗೆ ದಂಡಪಾಣಿ ತಂದಿದ್ದ ಹಿತ್ತಾಳೆ ಕೊಡ ತೆಳುವಾಗಿತ್ತೆಂದು ಈಗಲೂ ತವರಿಗೆ ಬಂದು ನೀರು ತುಂಬುವಾಗೆಲ್ಲ ಎತ್ತಿ ಆಡುವವಳು. ಇವತ್ತು ಕೋಳಿಯಲ್ಲಿ ಹುಳುಕು ಸಿಕ್ಕರೆ ತಂಗಿಗೆ ಇನ್ನು ಹದಿನಾಲ್ಕು ವರ್ಷ ತಲೆಯೆತ್ತಲು ಬಿಡುವವಳಲ್ಲ ಎಂದು ದಂಡಪಾಣಿಗೆ ಚೆನ್ನಾಗಿ ಗೊತ್ತಿತ್ತು.

ಹಾಗೆಂದೇ ಅವನು ಅಷ್ಟು ಎಚ್ಚರ ವಹಿಸಿದ್ದ. ಕುನ್ನತ್ತೂರು ಸಂತೆಯಲ್ಲಿ ಕೋಳಿ ಮಾರುವವನೇ ಹೇಳಿದ್ದ: ಈಗ ಪಣ್ಣೆಗಳಲ್ಲಿ, ಅಂದರೆ ಸಾಕಣೆ ಶೆಡ್ಡುಗಳಲ್ಲಿ, ಒಂದು ಬೆರಕೆ ತಳಿ ಬಂದಿದೆ, ಅದೂ ನಾಟಿಯ ಹಾಗೆಯೇ ಕೆಂಚು ಕೋಳಿ, ಅದರ ಮೊಟ್ಟೆಯೂ ಬಿಳಿಯಲ್ಲ, ಬಣ್ಣದ್ದೇ, ನೋಡಿ ತಗೊಳ್ಳಿ ಎಂದು. ನೋಡುವುದೆಂದರೆ ಏನನ್ನು ನೋಡುವುದು? ದಂಡಪಾಣಿ ತಿರುಪ್ಪೂರಿನಲ್ಲಿ ನೂಲಿಗೆ ಬಣ್ಣ ಹಾಕುವವನು. ಕೋಳಿಯ ವಿಷಯ ಅವನಿಗೆ ತಿಳಿಯದು, ಬಣ್ಣದ ವಿಷಯದಲ್ಲಿ ಅವನನ್ನು ಏಮಾರಿಸುವವರಿಲ್ಲ. ಒಂದೇ ಬಾನಿಯಲ್ಲಿ ಅದ್ದಿದ ನೂಲಿನ ಲಡಿಗಳೆಲ್ಲ ಒಂದೇ ಬಣ್ಣ. ಬಾನಿ ಬೆರಕೆಯಾದರೆ ಲಡಿಗೊಂದು ಬಣ್ಣ. ಕೋಳಿಯ ಹೊಟ್ಟೆ ಮಾತ್ರ ಬೇರೆಯೇ? ಹೀಗೆ ಲೆಕ್ಕ ಹಾಕಿ ಒಂದನ್ನು ಕೊಂಡು ತಂದು, ದಿನಾ ಬೆಳಿಗ್ಗೆ ಮೊಟ್ಟೆಯನ್ನು ಬಾಗಿಲ ಬೆಳಕಿಗೆ ಹಿಡಿದು ನಿನ್ನೆಯದರ ಪಕ್ಕದಲ್ಲಿಟ್ಟು ಪರೀಕ್ಷೆ ಮಾಡಿದ್ದ.

ಈಗ ಬಿಳಿಯ ಪಂಚೆಯೊಂದನ್ನು ಹಾಸಿ ಮೊಟ್ಟೆಗಳನ್ನು ಸಾಲಾಗಿ ಜೋಡಿಸಿ, ಎಲ್ಲವೂ ಒಂದೇ ಬಾನಿಯ ಬಣ್ಣ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ, ರಕ್ತ ಶುದ್ಧ ಎನ್ನುವುದಕ್ಕೆ ಇನ್ನೇನು ಬೇಕು ಎಂದು ವಿವರಿಸಿದ. ನೆಂಟರು ಬಗ್ಗಿ ನೋಡಿದರು. ಪೊನ್ನಮ್ಮ ಕುಕ್ಕರುಗಾಲಲ್ಲಿ ಕೂತು ಒಂದೊಂದನ್ನೂ ಎತ್ತಿ ತಿರುಗಿಸಿದಳು. ಅವಳ ಮುಖದಲ್ಲಿ ಕೊಂಕು ಇರಲಿಲ್ಲ, ನಿಜವಾದ ಕುತೂಹಲವೇ ಇತ್ತು.

“ಏಳು ದಿನಕ್ಕೆ ಏಳಾ ಭಾವ?”

“ಒಂದು ದಿನಾನೂ ತಪ್ಪಿಲ್ಲ” ಎಂದ ದಂಡಪಾಣಿ ಹೆಮ್ಮೆಯಿಂದ.

ಮೂಲೆಯಲ್ಲಿ ಅಡಕೆ ಕತ್ತರಿಸುತ್ತಿದ್ದ ಸುಶೀಲಳ ಅತ್ತೆ ಸುಬ್ಬಾತಾಳ್ ಅಡಕತ್ತರಿಯನ್ನು ಕೆಳಗಿಟ್ಟಳು. ನಮ್ಮ ಹಿತ್ತಲ ಕೋಳಿಗಳು ದಿನ ಬಿಟ್ಟು ದಿನ ಇಡುತ್ತವೆ, ಹತ್ತು ಹನ್ನೆರಡು ಆದವೋ ಕಾವಿಗೆ ಕೂತುಬಿಡುತ್ತವೆ, ಇದ್ಯಾವ ನಾಟಿಯವ್ವಾ ಎಂದು ಪೊನ್ನಮ್ಮ ತಾಯಿಯನ್ನು ಕೇಳಿದಳು. ತಾನು ಎಲ್ಲಿ ಎಡವಿದೆನೆಂದು ದಂಡಪಾಣಿಗೆ ತಿಳಿಯಲಿಲ್ಲ. ಎಡವಿದ್ದು ಮಾತ್ರ ತಿಳಿಯಿತು. ಬಾಗಿಲಲ್ಲಿ ನಿಂತಿದ್ದ ಸುಶೀಲಳ ಮುಖ ಬಾಡಿತು.

ಸುಬ್ಬಾತಾಳ್ ಎದ್ದು ಬಂದು ಕೋಳಿಯನ್ನು ಎತ್ತಿಕೊಂಡಳು. ರೆಕ್ಕೆ ಬಿಡಿಸಿ ನೋಡಿದಳು, ಕಾಲು ಸವರಿದಳು, ಆಮೇಲೆ ಗಲ್ಲ ಹಿಡಿದು ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಅಲ್ಲಿ ಅವಳ ಕಣ್ಣು ತುಸು ಹೊತ್ತು ನಿಂತಿತು. ಮಗಳನ್ನು ನೋಡಿದಳು, ಸೊಸೆಯನ್ನು ನೋಡಿದಳು. ಕೋಳಿಯ ತಲೆಯನ್ನು ಸೆರಗಿನೊಳಗೆ ಅಡಗಿಸಿಕೊಂಡು ಹೇಳಿದಳು: “ಸುದ್ದ ನಾಟಿ. ನಮ್ಮವ್ವನ ಮನೇಲಿ ಇದೇ ಇತ್ತು. ದಿನಾ ಇಡೋ ವಂಶ ಇದು.”

ಹಿರಿಯಳು ಹೇಳಿದ ಮೇಲೆ ಮುಗಿಯಿತು. ಹುಡುಗಿ ಮೂಗು ಹಿಡಿದು ಮೊಟ್ಟೆ ಕುಡಿದು ಎಲ್ಲರನ್ನೂ ನಗಿಸಿದಳು. ಪೊನ್ನಮ್ಮ ಕೂಡ ಅಂಥ ವಂಶದ ಮರಿಯೊಂದು ತನಗೂ ಬೇಕೆಂದಳು.

ಊಟವಾದ ಮೇಲೆ ಕೈ ತೊಳೆಯಲು ಹಿತ್ತಲಿಗೆ ಹೋದ ದಂಡಪಾಣಿ ಅಲ್ಲೇ ನಿಂತ. ಕಲ್ಲು ಚಪ್ಪಡಿಯ ಮೇಲೆ ಚೆಲ್ಲಿದ್ದ ಸಜ್ಜೆ ಕಾಳನ್ನು ಮನೆಯ ಕೋಳಿಗಳು ಟಕಟಕನೆ ಹೆಕ್ಕುತ್ತಿದ್ದವು. ಅವನು ತಂದ ಕೋಳಿ ನಾಲ್ಕು ಸಲ ಕುಕ್ಕಿದರೂ ಕಾಳು ಜಾರಿ ಹೋಗುತ್ತಿತ್ತು. ಅವನು ಬಗ್ಗಿ ನೋಡಿದ. ಮೇಲಿನ ಕೊಕ್ಕಿನ ತುದಿಯೇ ಇರಲಿಲ್ಲ. ಕಾದ ಅಲಗಿನಿಂದ ಕತ್ತರಿಸಿದಂತೆ ಮೊಂಡಾಗಿ, ಅಂಚು ಕಪ್ಪಾಗಿತ್ತು. ಪಣ್ಣೆಗಳಲ್ಲಿ ಒಂದನ್ನೊಂದು ಕುಕ್ಕಿಕೊಳ್ಳದಿರಲೆಂದು ಮರಿಯಲ್ಲೇ ಹೀಗೆ ಮಾಡುತ್ತಾರೆಂದು ಅವನೂ ಕೇಳಿದ್ದ. ಏಳು ದಿನ ಮೊಟ್ಟೆಯನ್ನು ಬೆಳಕಿಗೆ ಹಿಡಿದವನು ಒಂದು ದಿನವೂ ಕೋಳಿಯ ಮುಖ ನೋಡಿರಲಿಲ್ಲ.

ಸುಬ್ಬಾತಾಳ್ ತೆಂಗಿನ ಚಿಪ್ಪಿನ ತುಂಬ ನೆನೆಸಿದ ತವುಡು ತಂದಳು. ಕೋಳಿಯನ್ನು ಗೋಡೆಯ ಕಡೆಗೆ ತಿರುಗಿಸಿ ಮುಂದಿಟ್ಟಳು. ಅದು ಕೊಕ್ಕನ್ನು ಮುಳುಗಿಸಿ ಗಬಗಬನೆ ತಿನ್ನತೊಡಗಿತು.

“ಅತ್ತೆ, ನಾನು...” ಎಂದ ದಂಡಪಾಣಿ.

“ಪೊನ್ನಮ್ಮ ನಾಳೆ ಮಧ್ಯಾನದ ಬಸ್ಸಿಗೆ ಊರಿಗೆ ಹೋಗ್ತಾಳೆ” ಎಂದಳು ಮುದುಕಿ. “ಅಲ್ಲಿ ತನಕ ಇದು ನಾಟಿಕೋಳಿ ತಮ್ಮಾ.”